ಸೀರಿಯಲ್ ಕನ್ಸೋಲ್ ಸರ್ವರ್: ಯಾವ ಪೋರ್ಟಿಗೆ ಏನು ಸೆಟ್ಟಿಂಗ್, ಯಾರಿಗೆ ಎಷ್ಟು ಪರ್ಮಿಷನ್

ಕನ್ಸೋಲ್ ಸರ್ವರ್ ಅಂದ್ರೆ ಸ್ವಿಚ್, ರೂಟರ್, ಸರ್ವರ್‌ಗಳಿಗೆ ಸೀದಾ ಕಮಾಂಡ್ ಕೊಡೋ ಕನ್ಸೋಲ್ ಕೇಬಲ್‌ಗಳನ್ನೆಲ್ಲಾ ಒಂದು ಕಡೆ ಸೇರಿಸಿ, ದೂರದಿಂದ ತಲುಪೋ ಹಾಗೆ ಮಾಡೋ ಬಾಕ್ಸು. ಆದ್ರೆ ಕನ್ಸೋಲ್ ಕೇಬಲ್ಲಿಗೆ ಮುಖ ನೋಡಿ ಗುರುತು ಹಿಡಿಯೋಕೆ ಬರಲ್ಲ. ಹಿಂದಿನವನು ಲಾಗೌಟ್ ಮಾಡಿ ಎದ್ದೋದ್ನಾ ಇಲ್ವಾ, ಈಗ ಕೀಬೋರ್ಡ್ ಮೇಲೆ ಕೈ ಇಟ್ಟಿರೋದು ಅವನೇನಾ ಬೇರೆ ಯಾರಾದ್ರೂನಾ, ಸ್ವಿಚ್ಚಿಗೆ ಇದ್ಯಾವುದೂ ಗೊತ್ತಾಗಲ್ಲ, ಬಂದ ಅಕ್ಷರ ತಗೊಳ್ಳತ್ತೆ, ಕೆಲಸ ಮಾಡತ್ತೆ ಅಷ್ಟೆ.

ಇದನ್ನ ನಾನು ಕಲಿತಿದ್ದು ಒಂದು ನೈಟ್ ಶಿಫ್ಟಲ್ಲಿ. ಹೊಸದಾಗಿ ಸೇರಿದ್ದ ಹುಡುಗ ಫೋನ್ ಮಾಡಿ "ಸರ್, ಏಳನೇ ಪೋರ್ಟಲ್ಲಿ ಎಂಟರ್ ಒತ್ತಿದ್ರೆ ಸೀದಾ ಹ್ಯಾಶ್ ಬರ್ತಿದೆ, ಪಾಸ್‌ವರ್ಡೇ ಕೇಳ್ಲಿಲ್ಲ" ಅಂದ. ಹ್ಯಾಶ್ ಅಂದ್ರೆ ಪೂರ್ತಿ ಹಕ್ಕು ಇರೋ # ಪ್ರಾಂಪ್ಟ್. ನಾನು ಅರ್ಧ ನಿದ್ದೆಲಿ "ಏಳು ಲ್ಯಾಬ್ ಸ್ವಿಚ್ ಕಣೋ, ರೀಲೋಡ್ ಕೊಡು" ಅಂದ್ಬಿಟ್ಟೆ. ಏಳು ಲ್ಯಾಬ್ ಸ್ವಿಚ್ ಆಗಿದ್ದು ರ್‍ಯಾಕ್ ಶಿಫ್ಟ್ ಆಗೋ ಮುಂಚೆ. ಆಮೇಲೆ ಕೇಬಲ್ ಬದಲಾಗಿತ್ತು, ಲೇಬಲ್ ಬದಲಾಗಿರ್ಲಿಲ್ಲ, ಅದ್ರ ಮೇಲೆ ಯಾರೋ ಲಾಗಿನ್ ಹಾಗೇ ಬಿಟ್ಟು ಮನೆಗೆ ಹೋಗಿದ್ರು. ಒಂದು ಇಡೀ ಬ್ರಾಂಚ್ ಆಫೀಸ್ ಲಿಂಕ್ ಹೋಯ್ತು. ಹುಡುಗಂದು ಏನೂ ತಪ್ಪಿಲ್ಲ, ಅವನ ಕೈಲಿ ಎಲ್ಲಾ ಪೋರ್ಟಿಗೂ ಬರೆಯೋ ಪರ್ಮಿಷನ್ ಇಟ್ಟಿದ್ದು ನಾವು.

ಹಾಗಾಗಿ ಆ ಕಡೆ ಡಿವೈಸಿಗೆ ಬರದೇ ಇರೋ ಗುರುತು ಹಿಡಿಯೋ ಕೆಲಸಾನ ಮಧ್ಯದಲ್ಲಿರೋ ಕನ್ಸೋಲ್ ಸರ್ವರ್ ಕೈಲಿ ಮಾಡಿಸ್ಬೇಕು. ಇಲ್ಲಿ ಉದಾಹರಣೆಗೆ ಲ್ಯಾಂಟ್ರಾನಿಕ್ಸ್ ಎಸ್‌ಎಲ್‌ಸಿ ಬಾಕ್ಸ್ ಇಟ್ಕೊಂಡಿದ್ದೀನಿ, ಅದ್ರಲ್ಲಿ ಸೀರಿಯಲ್ ಪೋರ್ಟಿಗೆ ಡಿವೈಸ್ ಪೋರ್ಟ್ ಅಂತಾನೇ ಹೆಸರು. ಓಪನ್‌ಗಿಯರ್, ಅವೊಸೆಂಟ್ ಕಂಪನಿ ಬಾಕ್ಸ್ ಇದ್ರೂ ಮೆನು ಹೆಸರು ಬೇರೆ ಇರತ್ತೆ, ವಿಷಯ ಒಂದೇ.

ಈ ಬಾಕ್ಸ್ ಯಾಕೆ ಬೇಕು ಅಂತ ಮ್ಯಾನೇಜರ್ ಕೇಳಿದ್ರೆ 2021ರ ಅಕ್ಟೋಬರ್ 4 ನೆನಪಿಸಿ. ಮೇಂಟೆನೆನ್ಸ್ ಟೈಮಲ್ಲಿ ಕೊಟ್ಟ ಒಂದು ಕಮಾಂಡಿಂದ ಫೇಸ್‌ಬುಕ್‌ನವರ ಬ್ಯಾಕ್‌ಬೋನ್ ಪೂರ್ತಿ ಕಡಿದು, ಫೇಸ್‌ಬುಕ್ ವಾಟ್ಸಾಪ್ ಇನ್‌ಸ್ಟಾ ಎಲ್ಲಾ ಸುಮಾರು 6 ಗಂಟೆ ಮಲಗಿತ್ತು. ಅವರೇ ಆಮೇಲೆ ಬರೆದ ಪ್ರಕಾರ ಮೇನ್ ನೆಟ್‌ವರ್ಕ್ ಜೊತೆ ಔಟ್ ಆಫ್ ಬ್ಯಾಂಡ್ ದಾರಿನೂ (ತುರ್ತಿಗೆ ಅಂತ ಇಡೋ ಪ್ರತ್ಯೇಕ ದಾರಿ) ಸಿಗಲಿಲ್ಲ, ಇಂಜಿನಿಯರ್‌ಗಳನ್ನ ಡೇಟಾ ಸೆಂಟರಿಗೇ ಕಳಿಸ್ಬೇಕಾಯ್ತು. ಅಂದ್ರೆ ಬಾಕ್ಸ್ ತಂದಿಟ್ರೆ ಸಾಲ್ದು, ಅದಕ್ಕೆ ಬರೋ ದಾರಿ ನಿಮ್ಮ ಪ್ರೊಡಕ್ಷನ್ ಸ್ವಿಚ್ ಮೇಲೆ ನಿಂತಿರ್ಬಾರ್ದು. ಬೇರೆ ಐಎಸ್‌ಪಿ ಲೈನೋ, 4ಜಿ ಮೋಡೆಮ್ಮೋ, ಏನೋ ಒಂದು.

ಮೊದಲು ಒಂದು ಶೀಟು

ಬಾಕ್ಸ್ ಆನ್ ಮಾಡೋಕೆ ಮುಂಚೆ ಒಂದು ಎಕ್ಸೆಲ್ ಶೀಟ್ ಮಾಡ್ಕೊಳ್ಳಿ. ಪೋರ್ಟ್ ನಂಬರ್, ಆ ತುದೀಲಿ ಯಾವ ಡಿವೈಸ್, ರ್‍ಯಾಕ್ ಯಾವುದು, ಬಾಡ್ ರೇಟ್ (ಸೀರಿಯಲ್ ಲೈನಿನ ವೇಗ) ಎಷ್ಟು, ಯಾರು ಟೈಪ್ ಮಾಡ್ಬಹುದು, ಯಾರು ಬರೀ ನೋಡ್ಬಹುದು. ಕೊನೆಯ ಎರಡು ಕಾಲಮ್ಮಿಗೇ ಜಾಸ್ತಿ ಟೈಮ್ ಹೋಗತ್ತೆ, ಯಾಕಂದ್ರೆ ಅದಕ್ಕೆ ನಾಕು ಜನರನ್ನ ಕೇಳ್ಬೇಕು, ನಾಕು ಜನರೂ "ನನಗೆ ಎಲ್ಲಾ ಬೇಕು" ಅಂತಾರೆ. ಅಲ್ಲೇ ಜಗಳ ಆಡಿ ಮುಗಿಸ್ಕೊಳ್ಳಿ, ಆಮೇಲೆ ಕಿತ್ಕೊಳ್ಳೋದು ಕಷ್ಟ.

ಕೇಬಲ್ಲು, ಬಾಡ್ ರೇಟು

ಆರ್‌ಜೆ45 ಇದೆ ಅಂದ ತಕ್ಷಣ ಲ್ಯಾನ್ ಕೇಬಲ್ ಥರಾನೇ ಅಂದ್ಕೋಬೇಡಿ. ಒಂದು ಕಡೆ ಟ್ರಾನ್ಸ್‌ಮಿಟ್ ಪಿನ್ ಇನ್ನೊಂದು ಕಡೆ ರಿಸೀವ್ ಪಿನ್ನಿಗೆ ಹೋಗ್ಬೇಕು, ಅಷ್ಟೇ ರೂಲು, ಆದ್ರೆ ಯಾವ ಪಿನ್ನಲ್ಲಿ ಯಾವುದಿದೆ ಅನ್ನೋದು ಕಂಪನಿಗೊಂದು ಥರ. ಸಿಸ್ಕೊ ಕನ್ಸೋಲಲ್ಲಿ 3ನೇ ಪಿನ್ ಟ್ರಾನ್ಸ್‌ಮಿಟ್, 6ನೇದು ರಿಸೀವ್, 4 ಮತ್ತೆ 5 ಗ್ರೌಂಡ್. ರೋಲ್‌ಓವರ್ ಕೇಬಲ್ ಅಂದ್ರೆ 1 ಹೋಗಿ 8ಕ್ಕೆ, 2 ಹೋಗಿ 7ಕ್ಕೆ, 3 ಹೋಗಿ 6ಕ್ಕೆ, 4 ಹೋಗಿ 5ಕ್ಕೆ, ಪೂರ್ತಿ ಉಲ್ಟಾ. ಎರಡು ತುದೀನೂ ಪಕ್ಕಪಕ್ಕ ಹಿಡಿದು ವೈರ್ ಬಣ್ಣ ನೋಡಿದ್ರೆ ಕಣ್ಣಿಗೇ ಗೊತ್ತಾಗತ್ತೆ. ಹೊಸ ಮಾಡೆಲ್‌ಗಳಲ್ಲಿ ಪಿನ್ನುಗಳನ್ನ ಸಾಫ್ಟ್‌ವೇರಲ್ಲೇ ತಿರುಗಿಸೋ ಆಪ್ಷನ್ ಬಂದಿದೆ, ರಿವರ್ಸ್ ಪಿನೌಟ್ ಅಂತ. ಕೇಬಲ್ ಸರಿಯಿದ್ದೂ ಸ್ಕ್ರೀನ್ ಖಾಲಿ ಇದ್ರೆ ಮೊದಲು ಅದನ್ನ ಬದಲಾಯಿಸಿ ನೋಡಿ, ಕ್ರಿಂಪಿಂಗ್ ಟೂಲ್ ಹುಡುಕೋದು ಆಮೇಲೆ.

ಒಂದು ಎಚ್ಚರಿಕೆ, ಯುಪಿಎಸ್ ಹಿಂದೆ ಇರೋ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ ಸಿಕ್ಕಿದ ಕೇಬಲ್ ಹಾಕಕ್ಕೆ ಹೋಗ್ಬೇಡಿ. ಕೆಲವು ಯುಪಿಎಸ್‌ಗಳಲ್ಲಿ ಆ ಪಿನ್ನುಗಳ ಅರ್ಥವೇ ಬೇರೆ, ಮಾಮೂಲಿ ಕೇಬಲ್ ಚುಚ್ಚಿದ ಕ್ಷಣಕ್ಕೆ ಔಟ್‌ಪುಟ್ ಆಫ್ ಆಗತ್ತೆ, ಕೆಳಗಿರೋ ರ್‍ಯಾಕ್ ಪೂರ್ತಿ ಕತ್ತಲೆ. ಯುಪಿಎಸ್ ಜೊತೆ ಬಂದ ಕೇಬಲ್ ಇದ್ರೆ ಅದು ಮಾತ್ರ ಹಾಕಿ.

ಇನ್ನು ಡಿವೈಸ್ ಪೋರ್ಟ್ ಪೇಜಿಗೆ ಹೋಗಿ ಒಂದೊಂದೇ ಪೋರ್ಟ್ ತೆಗೀರಿ. ಮೊದಲು ಹೆಸರು ಹಾಕಿ, ಪೋರ್ಟ್ ಏಳು ಅಂತ ಬಿಡ್ಬೇಡಿ, ರ್‍ಯಾಕ್ ನಂಬರ್ ಮತ್ತೆ ಡಿವೈಸ್ ಹೆಸರು ಎರಡೂ ಸೇರಿಸಿ ಹಾಕಿ. ಬಾಡ್ ರೇಟ್ ಸಿಸ್ಕೊ, ಜೂನಿಪರ್, ಅರಿಸ್ಟಾಗೆ ಸಾಮಾನ್ಯವಾಗಿ 9600, ಮೈಕ್ರೋಟಿಕ್‌ಗೆ, ಈಚಿನ ಲಿನಕ್ಸ್ ಸರ್ವರ್‌ಗಳಿಗೆ 115200. ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಇದು ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ.

ತಪ್ಪಾಗಿದ್ರೆ ಹೇಗೆ ಗೊತ್ತಾಗತ್ತೆ? ಎಂಟರ್ ಒತ್ತಿದಾಗ ಪ್ರಶ್ನಾರ್ಥಕ ಚಿಹ್ನೆ, ಚೌಕ, ಕೊಂಬು ಬಾಲ ಇರೋ ಅಕ್ಷರ ಎಲ್ಲಾ ಕಲಸುಮೇಲೋಗರ ಆಗಿ ಬಂದ್ರೆ ಬಾಡ್ ರೇಟ್ ತಪ್ಪು, ಕೇಬಲ್ ಸರಿಯಿದೆ, ಖುಷಿ ಪಡಿ. ಏನೂ ಬರ್ಲಿಲ್ಲ ಅಂದ್ರೆ ಕೇಬಲ್ ಅಥವಾ ಪಿನೌಟ್. ತಲೆ ಕೆಡಿಸೋದು ಮೂರನೇದು, ಬೂಟ್ ಆಗೋವಾಗ ಮೆಸೇಜ್ ಎಲ್ಲಾ ಚೆನ್ನಾಗಿ ಕಾಣತ್ತೆ ಆದ್ರೆ ನೀವು ಟೈಪ್ ಮಾಡಿದ್ದು ಮಾತ್ರ ಹೋಗಲ್ಲ. ಇದು ತುಂಬಾ ಸಲ ಫ್ಲೋ ಕಂಟ್ರೋಲ್, ಅಂದ್ರೆ ಯಾವಾಗ ಕಳಿಸ್ಬೇಕು ಯಾವಾಗ ನಿಲ್ಲಿಸ್ಬೇಕು ಅಂತ ಎರಡು ತುದಿ ಹೇಳ್ಕೊಳ್ಳೋ ವ್ಯವಸ್ಥೆಯ ಕಿತಾಪತಿ, ಈ ಕಡೆ ಆರ್‌ಟಿಎಸ್ ಸಿಟಿಎಸ್ (ಅದನ್ನ ಬೇರೆ ವೈರಲ್ಲಿ ಹೇಳೋ ವಿಧಾನ) ಆನ್ ಇದೆ, ಆ ಕಡೆ ಡಿವೈಸಲ್ಲಿ ಆ ವೈರೇ ಇಲ್ಲ, ಈ ಪೋರ್ಟು ಪಾಪ ಅನುಮತಿಗೆ ಕಾಯ್ತಾ ಕೂತಿರತ್ತೆ. ನನ್ನ ಮಟ್ಟಿಗೆ ಫ್ಲೋ ಕಂಟ್ರೋಲ್ ಮೊದಲು None (ಬೇಡ) ಅಂತ ಇಟ್ಟು ಶುರು ಮಾಡೋದೇ ಒಳ್ಳೇದು. ಎಕ್ಸಾನ್ ಎಕ್ಸಾಫ್ (ಅದನ್ನೇ ಅಕ್ಷರಗಳಲ್ಲಿ ಹೇಳೋ ವಿಧಾನ) ಇದ್ದಾಗ ಯಾರಾದ್ರೂ ಕಂಟ್ರೋಲ್ ಎಸ್ ಒತ್ತಿಬಿಟ್ರೆ ಸ್ಕ್ರೀನ್ ಕಲ್ಲಾಗತ್ತೆ, ಡಿವೈಸ್ ಸತ್ತಿದೆ ಅಂತ ಪವರ್ ಕೀಳೋ ಮುಂಚೆ ಒಂದ್ಸಲ ಕಂಟ್ರೋಲ್ ಕ್ಯೂ ಒತ್ತಿ ನೋಡಿ.

ಮುಂದೆ ನೆಟ್‌ವರ್ಕ್ ಕಡೆಯಿಂದ ಪೋರ್ಟಿಗೆ ಬರೋ ಬಾಗಿಲು. ಎಸ್‌ಎಲ್‌ಸಿಲಿ ಒಂದೊಂದು ಪೋರ್ಟಿಗೂ ಟೆಲ್ನೆಟ್ ಇನ್, ಎಸ್‌ಎಸ್‌ಎಚ್ ಇನ್, ಟಿಸಿಪಿ ಇನ್ ಅಂತ ಮೂರು ಇರತ್ತೆ, ನಂಬರ್ ಕ್ರಮವಾಗಿ 2000, 3000, 4000ಕ್ಕೆ ಪೋರ್ಟ್ ನಂಬರ್ ಕೂಡಿಸಿದ್ದು. ಅಂದ್ರೆ ಐದನೇ ಪೋರ್ಟಿಗೆ ಸೀದಾ ಎಸ್‌ಎಸ್‌ಎಚ್ ಮಾಡ್ಬೇಕಂದ್ರೆ 3005. ಓಪನ್‌ಗಿಯರಲ್ಲೂ ಇದೇ ಲೆಕ್ಕ. ಎಸ್‌ಎಸ್‌ಎಚ್ ಮಾತ್ರ ಆನ್ ಮಾಡಿ, ಅದರ ಪಕ್ಕದ ಅಥೆಂಟಿಕೇಟ್ ಟಿಕ್ ಹಾಕೋದು ಮರೀಬೇಡಿ. ಟಿಸಿಪಿ ಇನ್ ಆನ್ ಮಾಡಿ ಟಿಕ್ ಹಾಕ್ದೇ ಬಿಟ್ರೆ ಕೆಳಗೆ ಯೂಸರ್ ಪರ್ಮಿಷನ್ ಎಷ್ಟು ಚೆನ್ನಾಗಿ ಬರೆದ್ರೂ ನೀರಲ್ಲಿ ಹೋಮ, ಐಪಿ ಗೊತ್ತಿರೋ ಯಾರು ಬೇಕಾದ್ರೂ ಒಳಗೆ.

ಒಂದೇ ಪೋರ್ಟಿಗೆ ಒಂದೇ ಸಲ ಎಷ್ಟು ಜನ ನೇರ ಕನೆಕ್ಟ್ ಆಗ್ಬಹುದು ಅನ್ನೋ ಸೆಟ್ಟಿಂಗೂ ಅಲ್ಲೇ ಸಿಗತ್ತೆ, ಅದನ್ನ ಒಂದಕ್ಕೇ ಇಡಿ. ಇಬ್ಬರು ಒಟ್ಟಿಗೆ ಟೈಪ್ ಮಾಡಿದ್ರೆ ಇಬ್ಬರ ಅಕ್ಷರಾನೂ ಒಂದೇ ಲೈನಲ್ಲಿ ಹೆಣೆದುಕೊಂಡು ಹೋಗತ್ತೆ.

ಯೂಸರ್‌ಗಳು

ಇಲ್ಲಿಗೆ ಬಂದ್ವಿ ನೋಡಿ. ಎಸ್‌ಎಲ್‌ಸಿಲಿ ಮೊದಲಿಂದ ಇರೋ ಯೂಸರ್ ಹೆಸರು ಸಿಸ್‌ಅಡ್ಮಿನ್. ಹಳೇ ಬಾಕ್ಸ್‌ಗಳಲ್ಲಿ ಅದಕ್ಕೆ ಊರಿಗೆಲ್ಲಾ ಗೊತ್ತಿರೋ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇತ್ತು. 2020ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಎಲ್ಲಾ ಬಾಕ್ಸಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರೋ ಹಾಗಿಲ್ಲ ಅಂತ ಕಾನೂನೇ ಬಂತು, ಆದ್ರೆ ನಿಮ್ಮ ರ್‍ಯಾಕಲ್ಲಿರೋದು ಅದಕ್ಕಿಂತ ಹಳೇದಾಗಿರ್ಬಹುದು. ಮೊದಲು ಅದನ್ನ ಬದಲಾಯಿಸಿ, ಹೊಸದನ್ನ ಕವರಲ್ಲಿ ಹಾಕಿ ಲಾಕರಲ್ಲಿಡಿ, ದಿನಾ ಯಾರೂ ಆ ಐಡಿಲಿ ಲಾಗಿನ್ ಆಗ್ಬಾರ್ದು.

ಆಮೇಲೆ ಒಬ್ಬೊಬ್ಬರಿಗೂ ಅವರವರ ಹೆಸರಲ್ಲೇ ಅಕೌಂಟ್. ನಾಕ್ (NOC, ಹಗಲು ರಾತ್ರಿ ನೆಟ್‌ವರ್ಕ್ ಕಾಯೋ) ಟೀಮಿಗೆಲ್ಲಾ ಒಂದೇ ಐಡಿ ಕೊಡೋ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಶಿಫ್ಟ್ ಬದಲಾಗತ್ತೆ ಐಡಿ ಬದಲಾಗಲ್ಲ, ಕೊನೆಗೆ ಲಾಗ್ ನೋಡಿದ್ರೆ ನಾಕ್ ಅನ್ನೋ ಮಹಾನುಭಾವ ಇಪ್ಪತ್ನಾಕು ಗಂಟೆನೂ ಕೆಲಸ ಮಾಡಿರ್ತಾನೆ.

ಯೂಸರ್ ಸೇರಿಸೋವಾಗ ಎರಡು ಥರದ ಹಕ್ಕು ಇರತ್ತೆ, ಇವೆರಡನ್ನ ಕಲಸಿಕೊಳ್ಳೋದೇ ಎಲ್ಲರೂ ಮಾಡೋ ತಪ್ಪು. ಒಂದು ಬಾಕ್ಸ್ ಮೇಲಿನ ಹಕ್ಕು, ಅಂದ್ರೆ ನೆಟ್‌ವರ್ಕ್ ಸೆಟ್ಟಿಂಗ್ ಮುಟ್ಟೋದು, ಬೇರೆ ಯೂಸರ್ ಮಾಡೋದು, ಫರ್ಮ್‌ವೇರ್ ಹಾಕೋದು, ರೀಬೂಟ್ ಮಾಡೋದು, ಡಿವೈಸ್ ಪೋರ್ಟಿನ ಕಾನ್ಫಿಗರೇಷನ್ ಬದಲಾಯಿಸೋದು. ಇದಕ್ಕೆ ಡೀಫಾಲ್ಟ್ ಯೂಸರ್ಸ್, ಪವರ್ ಯೂಸರ್ಸ್, ಅಡ್ಮಿನಿಸ್ಟ್ರೇಟರ್ಸ್ ಅಂತ ಗ್ರೂಪ್ ರೆಡಿ ಇದೆ. ಇನ್ನೊಂದು ಪೋರ್ಟಿನ ಮೇಲಿನ ಹಕ್ಕು. ಅದ್ರಲ್ಲಿ ಮೂರು ಕಾಲಂ. ಡೇಟಾ ಪೋರ್ಟ್ಸ್ ಅಂದ್ರೆ ಕನೆಕ್ಟ್ ಆಗಿ ಟೈಪ್ ಮಾಡ್ಬಹುದು, ಲಿಸನ್ ಪೋರ್ಟ್ಸ್ ಅಂದ್ರೆ ಬರ್ತಿರೋದನ್ನ ನೋಡ್ಬಹುದು ಟೈಪ್ ಮಾಡಂಗಿಲ್ಲ, ಕ್ಲಿಯರ್ ಪೋರ್ಟ್ ಬಫರ್ಸ್ ಅಂದ್ರೆ ಆ ಪೋರ್ಟಲ್ಲಿ ಸೇವ್ ಆಗಿರೋ ಹಳೇ ಔಟ್‌ಪುಟ್ ಅಳಿಸ್ಬಹುದು. ಅಡ್ಮಿನಿಸ್ಟ್ರೇಟರ್ ಅಲ್ಲದವನಿಗೂ ಹತ್ತು ಪೋರ್ಟಲ್ಲಿ ಟೈಪ್ ಮಾಡೋ ಹಕ್ಕು ಕೊಡ್ಬಹುದು, ಅದಕ್ಕೋಸ್ಕರ ಅವನನ್ನ ಅಡ್ಮಿನ್ ಮಾಡೋ ಅಗತ್ಯ ಇಲ್ಲ. ಇದು ಗೊತ್ತಿಲ್ದೇನೇ ಎಷ್ಟೋ ಕಡೆ ಎಲ್ಲರೂ ಅಡ್ಮಿನ್.

ನಾನು ಹಂಚೋದು ಹೀಗೆ, 16 ಪೋರ್ಟ್ ಬಾಕ್ಸ್ ಅಂದ್ಕೊಳ್ಳಿ, 1ರಿಂದ 8 ಸ್ವಿಚ್ ರೂಟರ್, 9ರಿಂದ 14 ಸರ್ವರ್, 15 ಫೈರ್‌ವಾಲ್, 16 ಖಾಲಿ. ನೆಟ್‌ವರ್ಕ್ ಟೀಮಿಗೆ 1ರಿಂದ 8 ಡೇಟಾ, ಉಳಿದಿದ್ದು ಏನೂ ಇಲ್ಲ. ಸರ್ವರ್ ಟೀಮಿಗೆ 9ರಿಂದ 14 ಡೇಟಾ. ನೈಟ್ ಶಿಫ್ಟ್ ಹುಡುಗರಿಗೆ 1ರಿಂದ 14 ಲಿಸನ್ ಮಾತ್ರ, ಏನಾಗ್ತಿದೆ ಅಂತ ನೋಡಿ ಫೋನ್ ಮಾಡ್ಲಿ ಸಾಕು, ಹಗಲು ಅನುಭವ ಆದ್ಮೇಲೆ ಒಂದೊಂದೇ ಪೋರ್ಟ್ ಡೇಟಾಗೆ ಏರಿಸಿ. ಫೈರ್‌ವಾಲ್ ಸೆಕ್ಯುರಿಟಿಯವರಿಗೆ ಮಾತ್ರ. ಹೊರಗಿಂದ ಬರೋ ವೆಂಡರ್ ಇಂಜಿನಿಯರಿಗೆ ಅವರ ಡಿವೈಸಿನ ಒಂದೇ ಪೋರ್ಟು, ಕೆಲಸ ಮುಗಿದ ದಿನಾನೇ ಅಕೌಂಟ್ ಡಿಲೀಟ್. ಬಫರ್ ಕ್ಲಿಯರ್ ಮಾಡೋ ಹಕ್ಕು ಅಡ್ಮಿನ್ ಇಬ್ಬರನ್ನ ಬಿಟ್ಟು ಯಾರಿಗೂ ಇಲ್ಲ, ತಪ್ಪು ಮಾಡಿದವನ ಕೈಗೇ ಒರೆಸೋ ಬಟ್ಟೆ ಕೊಡ್ಬಾರ್ದು. ಖಾಲಿ ಪೋರ್ಟ್ ಯಾರ ಲಿಸ್ಟಲ್ಲೂ ಹಾಕ್ಬೇಡಿ, ನಾಳೆ ಯಾರೋ ಅಲ್ಲಿಗೆ ಏನೋ ಚುಚ್ತಾರೆ, ಹಳೇ ಪರ್ಮಿಷನ್ ತಾನಾಗೇ ಅದಕ್ಕೂ ಅನ್ವಯ ಆಗತ್ತೆ. ನನ್ನ ಏಳನೇ ಪೋರ್ಟ್ ಕಥೆ ನೆನಪಿದ್ಯಲ್ಲ, ಪರ್ಮಿಷನ್ ಕೂತಿರೋದು ನಂಬರ್ ಮೇಲೆ, ಡಿವೈಸ್ ಮೇಲಲ್ಲ. ಕೇಬಲ್ ಜಾಗ ಬದಲಾಯಿಸಿದವನು ಪೋರ್ಟ್ ಹೆಸರು, ಶೀಟು, ಯೂಸರ್ ಲಿಸ್ಟ್ ಮೂರೂ ಬದಲಾಯಿಸಿದ ಮೇಲೇನೇ ಕೆಲಸ ಮುಗೀತು ಅಂತ.

ಎಸ್ಕೇಪ್ ಮತ್ತೆ ಬ್ರೇಕ್

ಯೂಸರ್ ಪೇಜಲ್ಲೇ ಕೆಳಗೆ ಎಸ್ಕೇಪ್ ಸೀಕ್ವೆನ್ಸ್, ಬ್ರೇಕ್ ಸೀಕ್ವೆನ್ಸ್ ಅಂತ ಎರಡು ಡಬ್ಬ ಇರತ್ತೆ, ಎಲ್ಲರೂ ಹಾಗೇ ಸ್ಕ್ರೋಲ್ ಮಾಡ್ತಾರೆ. ಎಸ್‌ಎಲ್‌ಸಿ ಡೀಫಾಲ್ಟಲ್ಲಿ ಪೋರ್ಟಿಂದ ಹೊರಗೆ ಬರೋಕೆ ಎಸ್ಕೇಪ್ ಒತ್ತಿ ತಕ್ಷಣ ದೊಡ್ಡ ಎ, ಬ್ರೇಕ್ ಕಳಿಸೋಕೆ ಎಸ್ಕೇಪ್ ಒತ್ತಿ ದೊಡ್ಡ ಬಿ. ಈಗ ವಿಐ ಎಡಿಟರ್ ಬಳಸೋರು ಯೋಚ್ನೆ ಮಾಡಿ. ಇನ್ಸರ್ಟ್ ಮೋಡಿಂದ ಹೊರಗೆ ಬಂದು ಲೈನ್ ಕೊನೆಗೆ ಹೋಗಿ ಸೇರಿಸೋಕೆ ಬೆರಳು ತಾನಾಗೇ ಏನು ಒತ್ತತ್ತೆ? ಎಸ್ಕೇಪ್, ದೊಡ್ಡ ಎ. ಫೈಲ್ ಅರ್ಧ ಎಡಿಟ್ ಆಗಿರೋವಾಗ ಧಡಾರ್ ಅಂತ ಬಾಕ್ಸಿನ ಪ್ರಾಂಪ್ಟಲ್ಲಿ ಬಂದು ಬೀಳ್ತೀರ. ಅದಾದ್ರೂ ಪರವಾಗಿಲ್ಲ, ಒಂದು ಪದ ಹಿಂದಕ್ಕೆ ಹೋಗೋಕೆ ಎಸ್ಕೇಪ್, ದೊಡ್ಡ ಬಿ ಒತ್ತಿದ್ರೆ ಡಿವೈಸಿಗೆ ಬ್ರೇಕ್ ಸಿಗ್ನಲ್ ಹೋಯ್ತು.

ಬ್ರೇಕ್ ಅಂದ್ರೆ ಅಕ್ಷರ ಅಲ್ಲ, ಲೈನನ್ನ ಮಾಮೂಲಿಗಿಂತ ಜಾಸ್ತಿ ಹೊತ್ತು ಒಂದೇ ಸ್ಥಿತೀಲಿ ಹಿಡಿದಿಡೋದು. ಸಿಸ್ಕೊ ಬೂಟ್ ಆಗೋವಾಗ ಇದು ಹೋದ್ರೆ ROMMON ಮೋಡಿಗೆ (ಮೇನ್ ಸಾಫ್ಟ್‌ವೇರ್ ಶುರುವಾಗೋ ಮುಂಚಿನ ರಿಕವರಿ ಪ್ರಾಂಪ್ಟ್) ಬೀಳತ್ತೆ, ಪಾಸ್‌ವರ್ಡ್ ಮರೆತಾಗ ನಾವೇ ಬೇಕು ಅಂತ ಕಳಿಸ್ತೀವಿ. ಹಳೇ ಸನ್ ಸ್ಪಾರ್ಕ್ ಮೆಷಿನ್‌ಗಳಲ್ಲಿ ಬ್ರೇಕ್ ಹೋದ್ರೆ ಓಡ್ತಿರೋ ಸೊಲಾರಿಸ್ ಇದ್ದಲ್ಲೇ ನಿಂತು ಓಕೆ ಅನ್ನೋ ಪ್ರಾಂಪ್ಟ್ ಬರ್ತಿತ್ತು. ಕನ್ಸೋಲ್ ಸರ್ವರ್ ಪವರ್ ಹೋಗಿ ಬಂದಾಗ ಲೈನಲ್ಲಿ ಆಗೋ ಏರುಪೇರನ್ನೇ ಬ್ರೇಕ್ ಅಂದ್ಕೊಂಡು ಅದಕ್ಕೆ ಕಟ್ಟಿದ್ದ ಸನ್ ಮೆಷಿನ್ ಎಲ್ಲಾ ಒಟ್ಟಿಗೆ ನಿಂತ್ಹೋಗೋದು ಆ ಕಾಲದವರಿಗೆ ಚೆನ್ನಾಗಿ ನೆನಪಿರತ್ತೆ. ಅಂಥ ಓಕೆ ಪ್ರಾಂಪ್ಟ್ ಇವತ್ತು ಎದುರಾದ್ರೆ ರೀಸೆಟ್ ಮಾಡ್ಬೇಡಿ, ಗೋ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಸಾಮಾನ್ಯವಾಗಿ ನಿಂತಲ್ಲಿಂದ ಮುಂದುವರಿಯತ್ತೆ. ಲಿನಕ್ಸಲ್ಲಿ ಸಿಸ್‌ಆರ್‌ಕ್ಯೂ (ಕರ್ನಲ್ಲಿಗೆ ಸೀದಾ ಆಜ್ಞೆ ಕೊಡೋ ಸೌಲಭ್ಯ) ಆನ್ ಇದ್ರೆ ಬ್ರೇಕ್ ಆದ್ಮೇಲೆ ಬರೋ ಒಂದು ಅಕ್ಷರಕ್ಕೆ ರೀಬೂಟೇ ಆಗ್ಬಹುದು. ಹಾಗಾಗಿ ಎರಡೂ ಸೀಕ್ವೆನ್ಸನ್ನ ಬೆರಳು ಅಪ್ಪಿತಪ್ಪಿ ಒತ್ತದೇ ಇರೋ ಥರ ಬದಲಾಯಿಸಿ, ಟೀಮಿಗೆಲ್ಲಾ ಒಂದೇ ಇಡಿ, ರ್‍ಯಾಕ್ ಬಾಗಿಲ ಮೇಲೆ ಅಂಟಿಸಿ. ಟಿಲ್ಡೆ ಚುಕ್ಕಿ (~.) ಮಾತ್ರ ಇಡ್ಬೇಡಿ, ಅದು ಎಸ್‌ಎಸ್‌ಎಚ್ ಕ್ಲೈಂಟಿಂದೇ ಕೀ, ಲೈನ್ ಶುರುವಲ್ಲಿ ಒತ್ತಿದ್ರೆ ನಿಮ್ಮ ಕನೆಕ್ಷನ್ನೇ ಕಟ್.

ಟಕಾಕ್ಸ್, ರೇಡಿಯಸ್ ಇದ್ರೆ

ಇಪ್ಪತ್ತು ಜನಕ್ಕಿಂತ ಜಾಸ್ತಿ ಇದ್ರೆ ಲೋಕಲ್ ಯೂಸರ್ ಸಾಕಾಗಲ್ಲ, ಎಲ್ಲರ ಲಾಗಿನ್ನೂ ಒಂದೇ ಸರ್ವರಲ್ಲಿ ಪರೀಕ್ಷೆ ಮಾಡೋ ಟಕಾಕ್ಸ್ ಪ್ಲಸ್ ಅಥವಾ ರೇಡಿಯಸ್ಸಿಗೆ ಕಟ್ಟಿ. ಫೈರ್‌ವಾಲಲ್ಲಿ ಟಕಾಕ್ಸಿಗೆ ಟಿಸಿಪಿ 49, ರೇಡಿಯಸ್ಸಿಗೆ ಯುಡಿಪಿ 1812, 1813 ಬಿಡ್ಬೇಕು. ಆದ್ರೆ ಯೋಚ್ನೆ ಮಾಡಿ, ಕನ್ಸೋಲ್ ಸರ್ವರ್ ಬೇಕಾಗೋದೇ ನೆಟ್‌ವರ್ಕ್ ಬಿದ್ದಾಗ, ಆವಾಗ ಟಕಾಕ್ಸ್ ಸರ್ವರೂ ಸಿಗಲ್ಲ. ಆದ್ರಿಂದ ಲಿಸ್ಟಲ್ಲಿ ಎರಡನೇದಾಗಿ ಲೋಕಲ್ ಯೂಸರ್ ಇರಲೇಬೇಕು. ಅಲ್ಲೇ ಇನ್ನೊಂದು ಟಿಕ್ ಇರತ್ತೆ, ಮೊದಲ ವಿಧಾನ ರಿಜೆಕ್ಟ್ ಮಾಡಿದ್ರೂ ಮುಂದಿನದನ್ನ ಪ್ರಯತ್ನಿಸ್ಬೇಕಾ ಅಂತ. ಅದನ್ನ ತೆಗೀರಿ. ಸರ್ವರ್ ಸಿಗದೇ ಇದ್ದಾಗ ಲೋಕಲ್ಲಿಗೆ ಹೋಗೋದು ಬೇರೆ, ಸರ್ವರ್ ಸಿಕ್ಕಿ "ಇವನನ್ನ ಬಿಡ್ಬೇಡ" ಅಂದಮೇಲೂ ಲೋಕಲಲ್ಲಿ ಹುಡುಕೋದು ಬೇರೆ. ಕೆಲಸ ಬಿಟ್ಟೋದವನ ಟಕಾಕ್ಸ್ ಐಡಿ ತೆಗೆದು, ಲೋಕಲ್ಲಿದ್ದ ಅದೇ ಹೆಸರು ಮರೆತಿದ್ರೆ ಅವನು ಆರಾಮಾಗಿ ಬರ್ತಾನೆ.

ಆ ತುದೀಲೂ ಸ್ವಲ್ಪ ಕೆಲಸ

ಸಿಸ್ಕೊ ಕನ್ಸೋಲ್ ಲೈನಲ್ಲಿ ಎಕ್ಸೆಕ್ ಟೈಮ್‌ಔಟ್, ಅಂದ್ರೆ ಏನೂ ಒತ್ತದೇ ಇದ್ರೆ ತಾನಾಗೇ ಲಾಗೌಟ್ ಆಗೋ ಸಮಯ, ಡೀಫಾಲ್ಟ್ 10 ನಿಮಿಷ. ಯಾರೋ ಒಬ್ಬರಿಗೆ ಕೆಲಸದ ಮಧ್ಯೆ ಲಾಗೌಟ್ ಆಗಿ ಕಿರಿಕಿರಿ ಆಗಿ ಸೊನ್ನೆ ಸೊನ್ನೆ ಅಂತ ಹಾಕಿರ್ತಾರೆ, ಹಾಗಂದ್ರೆ ಯಾವತ್ತೂ ಲಾಗೌಟ್ ಆಗಲ್ಲ. ನಮ್ಮ ಹುಡುಗನಿಗೆ ಪಾಸ್‌ವರ್ಡ್ ಕೇಳದೇ ಹ್ಯಾಶ್ ಬಂದಿದ್ದಕ್ಕೆ ಕಾರಣ ಇದೇ. ಎಲ್ಲಾ ಡಿವೈಸಲ್ಲೂ ಹುಡುಕಿ 5 ಅಥವಾ 10ಕ್ಕೆ ತನ್ನಿ. ನೀವು ಎಸ್‌ಎಸ್‌ಎಚ್ ವಿಂಡೋ ಮುಚ್ಚಿದ್ರೆ ಕನ್ಸೋಲ್ ಸರ್ವರಿಂದ ಹೊರಗೆ ಬಂದ್ರಿ ಅಷ್ಟೆ, ಸ್ವಿಚ್ಚಲ್ಲಿ ಇನ್ನೂ ಕೂತೇ ಇದ್ದೀರ.

ಇನ್ನೊಂದು ವಿಚಿತ್ರ, ಕೆಲವರು ಸಿಸ್ಕೊ ರೂಟರನ್ನೇ ಕನ್ಸೋಲ್ ಸರ್ವರ್ ಮಾಡ್ಕೊಂಡಿರ್ತಾರೆ. ಆಗ ಆ ಲೈನ್‌ಗಳಲ್ಲಿ ನೋ ಎಕ್ಸೆಕ್ ಹಾಕ್ಲೇಬೇಕು, ಇಲ್ಲಾಂದ್ರೆ ರೂಟರ್ ಲಾಗಿನ್ ಕೇಳತ್ತೆ, ಆ ಕಡೆ ಸರ್ವರೂ ಲಾಗಿನ್ ಕೇಳತ್ತೆ, ಇದು ಕೇಳಿದ್ದನ್ನ ಅದು ಯೂಸರ್ ನೇಮ್ ಅಂದ್ಕೊಳ್ಳತ್ತೆ, ಅದು ತಪ್ಪು ಅಂದಿದ್ದನ್ನ ಇದು ಪಾಸ್‌ವರ್ಡ್ ಅಂದ್ಕೊಳ್ಳತ್ತೆ, ಇಬ್ಬರು ಕಿವುಡರ ಸಂಭಾಷಣೆ ಬೆಳಗಿನ ತನಕ. ಲಾಗಲ್ಲಿ ಸಾವಿರಾರು ಫೇಲ್ಡ್ ಲಾಗಿನ್ ನೋಡಿ ಸೆಕ್ಯುರಿಟಿಯವರು ಓಡಿ ಬರ್ತಾರೆ.

ಲಾಗಿಂಗ್ ಬಗ್ಗೆ ಚಿಕ್ಕದಾಗಿ. ಪ್ರತಿ ಪೋರ್ಟಿನ ಔಟ್‌ಪುಟ್ಟನ್ನ ಸಿಸ್‌ಲಾಗ್ (ಲಾಗ್ ಸೇರಿಸೋ ಸರ್ವರ್) ಅಥವಾ ಎನ್‌ಎಫ್‌ಎಸ್ಸಿಗೆ (ನೆಟ್‌ವರ್ಕ್ ಮೇಲಿನ ಡಿಸ್ಕ್) ಕಳಿಸಿ, ರಾತ್ರಿ ಕ್ರ್ಯಾಶ್ ಆದ ಡಿವೈಸಿನ ಕೊನೇ ಮಾತು ಸಿಗೋದು ಅಲ್ಲೇ. ಪಾಸ್‌ವರ್ಡ್ ಸಾಮಾನ್ಯವಾಗಿ ಲಾಗಿಗೆ ಬರಲ್ಲ, ಡಿವೈಸ್ ಅದನ್ನ ವಾಪಸ್ ತೋರಿಸಲ್ಲ ಅದಕ್ಕೆ. ಆದ್ರೆ ಅವಸರದಲ್ಲಿ ಯೂಸರ್ ನೇಮ್ ಜಾಗದಲ್ಲಿ ಪಾಸ್‌ವರ್ಡ್ ಹೊಡೆಯೋರು ಇದ್ದೇ ಇರ್ತಾರೆ, ಅದು ನೀಟಾಗಿ ಸೇವ್ ಆಗತ್ತೆ. ಲಿಸನ್ ಹಕ್ಕು ಇದ್ದವರಿಗೂ ಅದು ಕಾಣತ್ತೆ. ಹಾಗಾಯ್ತು ಅಂದ್ರೆ ನಾಚ್ಕೋಬೇಡಿ, ಪಾಸ್‌ವರ್ಡ್ ಬದಲಾಯಿಸಿ.

ಟೆಸ್ಟ್ ಮಾಡೋದು

ಅಡ್ಮಿನ್ ಐಡಿಲಿ ಟೆಸ್ಟ್ ಮಾಡಿದ್ರೆ ಎಲ್ಲಾ ಕೆಲಸ ಮಾಡತ್ತೆ, ಅದು ಟೆಸ್ಟೇ ಅಲ್ಲ. ನೈಟ್ ಶಿಫ್ಟ್ ಹುಡುಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅವನ ಐಡಿಲೇ ಲಾಗಿನ್ ಮಾಡಿಸಿ, ಲಿಸನ್ ಇರೋ ಪೋರ್ಟಲ್ಲಿ ಎಂಟರ್ ಒತ್ತಿಸಿ, ಏನೂ ಆಗ್ಬಾರ್ದು. ಅವನ ಲಿಸ್ಟಲ್ಲಿಲ್ಲದ ಪೋರ್ಟಿಗೆ ಎರಡೂ ದಾರೀಲಿ ಹೋಗೋಕೆ ಹೇಳಿ, ಬಾಕ್ಸ್ ಒಳಗಿಂದ ಕನೆಕ್ಟ್ ಕಮಾಂಡಲ್ಲಿ ಒಂದ್ಸಲ, ಹೊರಗಿಂದ ಸೀದಾ 3000ದ ನಂಬರಿಗೆ ಇನ್ನೊಂದ್ಸಲ. ಒಂದ್ರಲ್ಲಿ ತಡೆದು ಇನ್ನೊಂದ್ರಲ್ಲಿ ಬಿಟ್ರೆ ಮೇಲೆ ಹೇಳಿದ ಅಥೆಂಟಿಕೇಟ್ ಟಿಕ್ ನೋಡಿ. ಆಮೇಲೆ ಪ್ರತಿ ಪೋರ್ಟಿಗೂ ಹೋಗಿ ಪ್ರಾಂಪ್ಟಲ್ಲಿರೋ ಹೋಸ್ಟ್‌ನೇಮ್ ಮತ್ತೆ ನಿಮ್ಮ ಶೀಟಲ್ಲಿರೋ ಹೆಸರು ಒಂದೇನಾ ಅಂತ ಬೆರಳಿಟ್ಟು ನೋಡಿ, ಇದನ್ನ ರ್‍ಯಾಕ್ ಮುಟ್ಟಿದ ಪ್ರತಿ ಸಲಾನೂ.

ಕಾನ್ಫಿಗರೇಷನ್ ಸೇವ್ ಮಾಡಿ ಬೇರೆ ಕಡೆ ಒಂದು ಕಾಪಿ ಇಡಿ. ಕೊನೇದಾಗಿ ಒಂದು ಭಾನುವಾರ ಪರ್ಮಿಷನ್ ತಗೊಂಡು ಬಾಕ್ಸಿನ ಮೇನ್ ಲ್ಯಾನ್ ಕೇಬಲ್ ಕಿತ್ತು, ಆಫೀಸ್ ವೈಫೈ ಆಫ್ ಮಾಡಿ, ಮೊಬೈಲ್ ಹಾಟ್‌ಸ್ಪಾಟಿಂದ 4ಜಿ ದಾರೀಲಿ, ಟಕಾಕ್ಸ್ ಇಲ್ದೇ, ಕವರಲ್ಲಿಟ್ಟ ಪಾಸ್‌ವರ್ಡಲ್ಲಿ ಕೋರ್ ಸ್ವಿಚ್ ಪೋರ್ಟ್ ತನಕ ಹೋಗಿ ನೋಡಿ. ನಾವು ಮಾಡಿದಾಗ ದಾರಿ, ಪಾಸ್‌ವರ್ಡ್ ಎಲ್ಲಾ ಸರಿ ಇತ್ತು, ಲಾಕರ್ ಬೀಗದ ಕೈ ಮಾತ್ರ ರಜೆ ಮೇಲೆ ಊರಿಗೆ ಹೋದವರ ಜೇಬಲ್ಲಿತ್ತು.